ಲ್ಯಾಪ್ ಸ್ಟೀಲ್ ಗಿಟಾರ್: ವಾದ್ಯ ಉಳಿಸೋದು ಅಂದ್ರ ಏನು ಉಳಿಸೋದು?

ಈ ಗೋಷ್ಠಿಯ ಹಿಂದಿನ ಮಾತುಗಳಲ್ಲಿ ಶಾಲೆ, ಶಾಸನ, ಗಡಿ ಆಯೋಗ, ಊರ ಹೆಸರುಗಳ ಬದಲಾವಣೆ ಇವೆಲ್ಲ ಬಂದು ಹೋಗಿವೆ. ನಾನು ತಂದಿರುವುದು ಒಂದು ಗಿಟಾರ್. ಜತ್ತ ತಾಲೂಕಿನವ ಹವಾಯಿ ದ್ವೀಪದ ವಾದ್ಯ ಹಿಡಕೊಂಡು ಯಾಕ ಕೂತಾನ ಅಂತ ನಿಮಗ ಅನ್ನಿಸಬಹುದು. ಸ್ವಲ್ಪ ತಾಳ್ರಿ, ಕೊನೆಗೆ ನಮ್ಮ ಅಂಗಳಕ್ಕೇ ಬರ್ತೀನಿ.

ಹಳೆಯ ಮಾದರಿಯ ಲ್ಯಾಪ್ ಸ್ಟೀಲ್ ಗಿಟಾರ್‌ಗಳನ್ನು ಹುಡುಕಿ ಕೂಡಿಡುವವರು, ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟುವವರು ಇವತ್ತು ಜಗತ್ತಿನಲ್ಲಿ ಬಹಳ ಜನ ಇದ್ದಾರೆ. ಅವರು ಮಾಡುವ ಕೆಲಸವನ್ನು ಇತಿಹಾಸದ ಕೆಲಸ ಅಂತ ಒಪ್ಪಿಕೊಳ್ಳಬಹುದೇ? ಒಪ್ಪಿದರೆ ಅದರಲ್ಲಿ ಏನು ಉಳಿಯುತ್ತದೆ, ಏನು ಕೈಬಿಟ್ಟು ಹೋಗುತ್ತದೆ? ನನ್ನ ಪ್ರಶ್ನೆ ಇಷ್ಟೇ.

ಲಾಯಿಯ ಹುಡುಗ

ಮೊದಲು ವಾದ್ಯದ ಪರಿಚಯ. ಸಾಮಾನ್ಯ ಗಿಟಾರಿನಲ್ಲಿ ಎಡಗೈ ಬೆರಳಿನಿಂದ ತಂತಿಯನ್ನು ಮೆಟ್ಟಿಲಿಗೆ ಒತ್ತುತ್ತಾರೆ. ಲ್ಯಾಪ್ ಸ್ಟೀಲಿನಲ್ಲಿ ಒತ್ತುವ ಮಾತೇ ಇಲ್ಲ. ವಾದ್ಯವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಒಂದು ತುಂಡನ್ನು ಜಾರಿಸುತ್ತಾರೆ. ಹಾಗಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಹರಿದು ಹೋಗಬಹುದು. ನಮ್ಮ ಕಡೆ ಮೀಂಡ್ ಅಂತೀವಲ್ಲ, ಅದು ಈ ವಾದ್ಯಕ್ಕ ಸಹಜವಾಗೇ ಬಂದದ.

ಈ ವಿಧಾನದ ಜೊತೆಗೆ ಸೇರಿಕೊಂಡ ಹೆಸರು ಜೋಸೆಫ್ ಕೆಕುಕು. ಓವಾಹು ದ್ವೀಪದ ಲಾಯಿ ಎಂಬ ಊರಲ್ಲಿ 1874ರಲ್ಲಿ ಹುಟ್ಟಿದವ. ಹುಡುಗ ಗಿಟಾರ್ ಹಿಡಕೊಂಡು ರೈಲು ಹಳಿಯ ಪಕ್ಕ ನಡೆಯುವಾಗ ಒಂದು ಬೋಲ್ಟ್ ಸಿಕ್ಕಿತು, ಅದು ತಂತಿಗೆ ತಗುಲಿ ಹೊಸ ನಾದ ಬಂತು ಅನ್ನುವ ಕಥೆ ಇದೆ. ಬೋಲ್ಟ್ ಅಲ್ಲ, ಬಾಚಣಿಕೆ, ಚಾಕುವಿನ ಬೆನ್ನು ಅನ್ನುವ ಕಥೆಗಳೂ ಇವೆ. ಯಾವುದೇ ಇರಲಿ, ಕಥೆಯ ಮುಂದಿನ ಭಾಗ ನನಗೆ ಹೆಚ್ಚು ಮುಖ್ಯ. ಆತ ಓದಿದ ಕಮೆಹಮೆಹ ಶಾಲೆಯಲ್ಲಿ ಕಮ್ಮಟವಿತ್ತು. ಅಲ್ಲಿ ತನಗೆ ಬೇಕಾದ ಹಾಗೆ ಉಕ್ಕಿನ ಸಣ್ಣ ಸರಳು ಮಾಡಿಕೊಂಡ, ತಂತಿಗಳನ್ನು ಮೇಲಕ್ಕೆತ್ತಿದ, ವರ್ಷಗಟ್ಟಲೆ ಕೂತು ಸಾಧನೆ ಮಾಡಿದ. ಅಕಸ್ಮಾತ್ತು ಒಂದು ಕ್ಷಣದ್ದು, ವಿಧಾನ ಆಗೋದಕ್ಕ ವರ್ಷಗಳು ಬೇಕು.

1904ರಲ್ಲಿ ಕೆಕುಕು ದ್ವೀಪ ಬಿಟ್ಟ. ಅಮೆರಿಕ, ಯುರೋಪು ಸುತ್ತಿ, ಕಲಿಸಿ, 1932ರಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡ. ಆತನನ್ನು ಮಣ್ಣು ಮಾಡಿದ್ದು ಅಲ್ಲಿನ ಡೋವರ್ ಎಂಬ ಊರಲ್ಲಿ. ಈ ನಡುವೆ 1915ರ ಸ್ಯಾನ್ ಫ್ರಾನ್ಸಿಸ್ಕೋ ಮಹಾಪ್ರದರ್ಶನದ ಹವಾಯಿ ಮಂಟಪದಲ್ಲಿ ಈ ನಾದ ಕೇಳಿದ ಅಮೆರಿಕದ ಜನ ಮರುಳಾಗಿಬಿಟ್ಟರು. ಹವಾಯಿ ಸಂಗೀತದ ತಟ್ಟೆಗಳು ಲಕ್ಷಗಟ್ಟಲೆ ಮಾರಿದವು.

ಲೋಹದವರ ಕೈ

ಬೇಡಿಕೆ ಬಂದ ಮೇಲೆ ಕಟ್ಟುವವರು ಬಂದರು. ಲಾಸ್ ಏಂಜಲೀಸಿನ ಹರ್ಮನ್ ವೈಸನ್‌ಬಾರ್ನ್ 1920ರ ದಶಕದಲ್ಲಿ ಹವಾಯಿಯ ಕೋವಾ ಮರದಿಂದ, ಕತ್ತಿನ ತನಕ ಟೊಳ್ಳಾದ ಗಿಟಾರ್‌ಗಳನ್ನು ಮಾಡಿದ. ನಾದ ಮಧುರ, ಆದರೆ ಸಣ್ಣದು. ಬ್ಯಾಂಡಿನ ತುತ್ತೂರಿ, ಡ್ರಮ್ಮುಗಳ ನಡುವೆ ಕೇಳಿಸುತ್ತಿರಲಿಲ್ಲ. ಆದ್ದರಿಂದ 1927ರ ಸುಮಾರಿಗೆ ನ್ಯಾಷನಲ್ ಕಂಪನಿ ಲೋಹದ ಒಡಲಿನೊಳಗೆ ಮೂರು ಅಲ್ಯೂಮಿನಿಯಂ ಶಂಕುಗಳನ್ನು ಕೂರಿಸಿದ ಗಿಟಾರ್ ತಂದಿತು. ಅದನ್ನು ರೂಪಿಸಿದವ ಜಾನ್ ಡೋಪೇರಾ, ಹಿಂದೆ ಬಿದ್ದು ಮಾಡಿಸಿದವ ಜಾರ್ಜ್ ಬೋಷಾಂಪ್ ಎಂಬ ವಾದಕ.

ಬೋಷಾಂಪ್‌ಗೆ ಅದೂ ಸಾಲಲಿಲ್ಲ. ತಂತಿಯ ಕಂಪನವನ್ನೇ ವಿದ್ಯುತ್ತಾಗಿ ಬದಲಿಸಬೇಕು ಅಂತ ಹೊರಟ. 1931ರಲ್ಲಿ ಹ್ಯಾರಿ ವಾಟ್ಸನ್ ಎಂಬ ಕುಶಲಕರ್ಮಿ ಮೇಪಲ್ ಮರದಲ್ಲಿ ಒಂದು ಮಾದರಿ ಕೆತ್ತಿಕೊಟ್ಟ. ದುಂಡನೆಯ ಸಣ್ಣ ಒಡಲು, ಉದ್ದ ಕತ್ತು. ನೋಡೋದಕ್ಕ ಥೇಟ್ ಹಿಡಿಕೆ ಇರೋ ಬಾಣಲಿ. 'ಫ್ರೈಯಿಂಗ್ ಪ್ಯಾನ್' ಅನ್ನುವ ಅಡ್ಡಹೆಸರು ಬಂದದ್ದು ಹಾಗೆ. 1932ರಿಂದ ಅದನ್ನು ಎರಕದ ಅಲ್ಯೂಮಿನಿಯಂನಲ್ಲಿ ಮಾಡಿ ಮಾರಿದರು. ಬೋಷಾಂಪ್ ಜೊತೆಗಾರ ಅಡಾಲ್ಫ್ ರಿಕನ್‌ಬ್ಯಾಕರ್ ಲೋಹದ ಅಚ್ಚು ಮಾಡುವ ಕಸುಬಿನವ, ನ್ಯಾಷನಲ್ ಗಿಟಾರ್‌ಗಳ ಲೋಹದ ಒಡಲುಗಳನ್ನು ಮಾಡಿಕೊಡುತ್ತಿದ್ದವ. ಮಾರುಕಟ್ಟೆಗೆ ಬಂದು ನಿಂತ ಮೊದಲ ಎಲೆಕ್ಟ್ರಿಕ್ ಗಿಟಾರ್ ಇದೇ. ಇವತ್ತು ರಾಕ್ ಸಂಗೀತದ ಗುರುತಾಗಿರುವ ವಾದ್ಯ ಮೊದಲು ಹುಟ್ಟಿದ್ದು ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿ ಗಿಟಾರಾಗಿ.

ಪೇಟೆಂಟಿಗೆ ಅರ್ಜಿ ಹೋದದ್ದು 1934ರಲ್ಲಿ, ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ಗಿಬ್ಸನ್ ಸೇರಿದಂತೆ ಹಲವು ಕಂಪನಿಗಳು ತಮ್ಮ ತಮ್ಮ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ತಂದಾಗಿತ್ತು. ಕ್ಲೀವ್‌ಲ್ಯಾಂಡಿನ ಓವಾಹು ಕಂಪನಿ ಪಾಠದ ಜೊತೆಗೇ ಗಿಟಾರ್ ಮಾರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದಾಗ ಲಿಯೋ ಫೆಂಡರ್ ಮೊದಲು ಮಾಡಿದ ಗಿಟಾರ್‌ಗಳೂ ಲ್ಯಾಪ್ ಸ್ಟೀಲ್‌ಗಳೇ. 1950ರ ದಶಕದಲ್ಲಿ ಪೆಡಲ್ ಸ್ಟೀಲ್ ಬಂತು, ರಾಕ್ ಅಂಡ್ ರೋಲ್ ಬಂತು. ಮನೆಮನೆಯ ಲ್ಯಾಪ್ ಸ್ಟೀಲ್‌ಗಳು ಅಟ್ಟ ಸೇರಿದವು.

ಕಟ್ಟುವುದು, ಕೂಡಿಡುವುದು

ಆ ಅಟ್ಟದಿಂದ ಇಳಿದ ಸಾಮಾನೇ ಇವತ್ತಿನ ಸಂಗ್ರಹಕಾರರ ಐಸಿರಿ. ಹೊಸದಾಗಿ ಕಟ್ಟುವವರಿಗೆ ಇದು ಹೊರಗಿನಿಂದ ಸುಲಭದ ವಾದ್ಯವಾಗಿ ಕಾಣುತ್ತದೆ. ಒಂದೇ ಗಟ್ಟಿ ಹಲಗೆ ಸಾಕು. ಕತ್ತನ್ನು ಬೆರಳಿಗೆ ಹೊಂದುವಂತೆ ಕೆತ್ತಬೇಕಿಲ್ಲ, ಮೆಟ್ಟಿಲು ಬಡಿಯಬೇಕಿಲ್ಲ, ಬರೀ ಗೆರೆ ಎಳೆದರಾಯಿತು. ಆದರೆ ಆ ಗೆರೆ ಕೂದಲೆಳೆಯಷ್ಟು ತಪ್ಪಿದರೂ ಕಣ್ಣು ಕೈಯನ್ನು ದಾರಿ ತಪ್ಪಿಸುತ್ತದೆ. ಲೆಕ್ಕ ಹೀಗಿದೆ: ತಂತಿಯ ನುಡಿಯುವ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಗೆರೆಯ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಹಾಗೇ ಭಾಗಿಸಿದರೆ ಎರಡನೆಯದು. ಫ್ರೈಯಿಂಗ್ ಪ್ಯಾನಿನ ಒಂದು ಮಾದರಿಯ ಉದ್ದ ಇಪ್ಪತ್ತೆರಡೂವರೆ ಇಂಚು. ಮೊದಲ ಗೆರೆ 1.263 ಇಂಚಿಗೆ, ಐದನೆಯದು 5.644ಕ್ಕೆ, ಏಳನೆಯದು 7.483ಕ್ಕೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 11.25ಕ್ಕೆ.

ಹಳೆಯದರ ದೋಷಗಳನ್ನೂ ಕಟ್ಟಬೇಕಾ ಅನ್ನುವುದು ದೊಡ್ಡ ಜಗಳ. ಅಲ್ಯೂಮಿನಿಯಂ ಒಡಲು ವೇದಿಕೆಯ ದೀಪದ ಶಾಖಕ್ಕೆ ಹಿಗ್ಗಿ ಶ್ರುತಿ ಬಿಡುತ್ತಿತ್ತು. ಅದಕ್ಕೇ 1935ರಲ್ಲಿ ಬೇಕಲೈಟ್ ಒಡಲು ಬಂತು. ಬೇಕಲೈಟ್ ಶಾಖಕ್ಕೆ ಅಳುಕಲಿಲ್ಲ, ಕೈತಪ್ಪಿ ಬಿದ್ದರೆ ಮಾತ್ರ ಒಡೆಯುತ್ತಿತ್ತು. ಇವತ್ತು ಹಳೆಯ ಮಾದರಿ ಕಟ್ಟುವವ ಗಟ್ಟಿ ಮರದಲ್ಲೇ ಮಾಡಿ, ನಾದಕ್ಕೆ ಮಾತ್ರ ಹಳೆಯ ಕ್ರಮ ಇಟ್ಟುಕೊಳ್ಳಬಹುದು. ಆ ನಾದದ ಗುಟ್ಟು ಪಿಕಪ್‌ನಲ್ಲಿದೆ. ರಿಕನ್‌ಬ್ಯಾಕರಿನಲ್ಲಿ ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತಗಳು ತಂತಿಗಳನ್ನು ಮೇಲಿನಿಂದ ತಬ್ಬಿಕೊಂಡಿರುತ್ತವೆ, ಕೆಳಗೆ ತಾಮ್ರದ ತಂತಿ ಸುತ್ತಿದ ಸುರುಳಿ. ನಾನೂ ಒಂದು ಸಲ ಸಾಗವಾನಿ ಹಲಗೆಯಲ್ಲಿ ಒಂದನ್ನು ಕಟ್ಟಿದೆ. ಗೆರೆ ಸರಿ ಬಂತು, ಪಿಕಪ್ಪಿನ ಸುರುಳಿ ಮೂರು ಸಲ ಕಡಿದು ಹೋಯಿತು. ನಾಲ್ಕನೇ ಸಲ ನಾದ ಬಂದಾಗ ಮನಿಯವರು 'ಅಡಿಗಿ ಮನಿ ಬಾಣಲಿ ಎಲ್ಲಿ ಹೋತು ಅಂತ ಹುಡುಕಲಿಕ್ಕತ್ತಿದ್ದೆ' ಅಂದ್ರು!

ಸಂಗ್ರಹದ ಕಡೆ ಒಂದು ನೋವಿನ ಸಂಗತಿ ಇದೆ. ಯುದ್ಧಪೂರ್ವದ ಲ್ಯಾಪ್ ಸ್ಟೀಲ್‌ಗಳಿಗೆ ಅದೇ ಕಾಲದ ಸಾಮಾನ್ಯ ಗಿಟಾರ್‌ಗಳಷ್ಟು ಬೆಲೆ ಇರಲಿಲ್ಲ. ಆದರೆ ಅವುಗಳ ಪಿಕಪ್ಪಿಗೆ ಬೆಲೆ ಇತ್ತು. ಗಿಬ್ಸನ್ ಇಎಚ್-150ರಂಥ ವಾದ್ಯಗಳ ಪಿಕಪ್ ಕಿತ್ತು ಬೇರೆ ಗಿಟಾರಿಗೆ ಹಾಕಿಕೊಂಡರು. ಒಡಲು ಉಳಿಯಿತು, ದನಿ ಹೋಯಿತು. ಒಂದು ವಾದ್ಯದ ಬಿಡಿಭಾಗಕ್ಕೆ ಇಡೀ ವಾದ್ಯಕ್ಕಿಂತ ಹೆಚ್ಚು ಬೆಲೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಇದು ಉದಾಹರಣೆ. ಅದಕ್ಕೇ ಹೊಸದಾಗಿ ಪಿಕಪ್ ಸುತ್ತಿ ಕಟ್ಟುವವರನ್ನು ನಾನು ಬರೀ ನಕಲು ಮಾಡುವವರು ಅನ್ನುವುದಿಲ್ಲ. ಅವರು ಹೊಸದನ್ನು ಕೊಟ್ಟಷ್ಟು ಹಳೆಯದನ್ನು ಕೀಳುವ ಕಾರಣ ಕಡಿಮೆಯಾಗುತ್ತದೆ.

ನಮ್ಮ ಅಂಗಳ

ಈಗ ಇತ್ತ ಬರೋಣ. ಹವಾಯಿಯ ವಾದಕರು ಭಾರತಕ್ಕೂ ಬಂದರು. ಟೌ ಮೋ ಅವರ ಕುಟುಂಬ ಯುದ್ಧಕಾಲದಲ್ಲಿ ಕೋಲ್ಕತ್ತಾದಲ್ಲಿ ನೆಲೆಸಿತ್ತು. ಬಂಗಾಳದ ಮನೆಗಳಲ್ಲಿ ರವೀಂದ್ರ ಸಂಗೀತವನ್ನು ಹವಾಯಿಯನ್ ಗಿಟಾರಿನಲ್ಲಿ ನುಡಿಸುವುದು ರೂಢಿಯೇ ಆಯಿತು. ಹಿಂದಿ ಚಿತ್ರಗೀತೆಗಳನ್ನು ವ್ಯಾನ್ ಶಿಪ್ಲಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿ ಮನೆಮಾತಾದರು. ಜೋಧಪುರದ ಬ್ರಿಜ್‌ಭೂಷಣ್ ಕಾಬ್ರಾ ಅದರ ಮೇಲೆ ಪೂರ್ಣ ರಾಗ ವಿಸ್ತಾರ ಮಾಡಿದರು. 1967ರ 'ಕಾಲ್ ಆಫ್ ದಿ ವ್ಯಾಲಿ' ತಟ್ಟೆಯಲ್ಲಿ ಸಂತೂರು, ಕೊಳಲಿನ ಜೊತೆ ಇರುವುದು ಅವರ ಗಿಟಾರೇ. ಆಮೇಲೆ ವಿಶ್ವಮೋಹನ ಭಟ್ಟರ ಮೋಹನವೀಣೆ.

ಇಲ್ಲಿ ಒಂದು ಆಮಿಷ ನಮ್ಮನ್ನು ಕಾಯುತ್ತಾ ಕೂತಿದೆ. ಕೆಕುಕುವಿಗೂ ಮುಂಚೆ ಹೊನೊಲುಲುವಿನಲ್ಲಿ ಗೇಬ್ರಿಯಲ್ ಡೇವಿಯನ್ ಎಂಬಾತ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ, ಆತ ಭಾರತದಲ್ಲಿ ಹುಟ್ಟಿದವ ಅನ್ನುವ ಹೇಳಿಕೆ ಇದೆ. ಇತ್ತ ನೋಡಿದರೆ 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಸಂಗೀತ ರತ್ನಾಕರದಲ್ಲಿ ಏಕತಂತ್ರಿ ವೀಣೆಯ ಮೇಲೆ ಬಿದಿರಿನ ತುಂಡು ಜಾರಿಸುವುದನ್ನು ಹೇಳಿದ್ದಾನೆ. ಸೇವುಣರ ಕನ್ನಡ ಶಾಸನಗಳ ಬಗ್ಗೆ ಈ ಗೋಷ್ಠಿಯವರಿಗೆ ನಾನು ಹೇಳಬೇಕಿಲ್ಲ. ದಕ್ಷಿಣದ ಗೋಟುವಾದ್ಯವೂ ಇದೇ ಬಳಗದ್ದು. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ 'ಸ್ಟೀಲ್ ಗಿಟಾರ್ ನಮ್ಮದೇ' ಅಂದುಬಿಡಬಹುದು. ನಾನು ಅನ್ನುವುದಿಲ್ಲ. ಜಾರಿಸುವ ಕ್ರಮ ಒಂದಕ್ಕಿಂತ ಹೆಚ್ಚು ಕಡೆ ಹುಟ್ಟಬಲ್ಲದು. ಏಕತಂತ್ರಿಯಿಂದ ಹೊನೊಲುಲುವಿಗೆ ಹೋದ ದಾರಿಯನ್ನು ಯಾರೂ ತೋರಿಸಿಲ್ಲ. ನಮ್ಮ ಊರುಗಳ ಮೇಲೆ ಇಂಥ ಪೋಣಿಸಿದ ದಾರಗಳನ್ನು ಎಳೆದವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಅದೇ ಕೆಲಸ ನಾವು ಹವಾಯಿಯವರಿಗೆ ಮಾಡಬಾರದು.

ನಿಜವಾದ ಹೋಲಿಕೆ ಬೇರೆ ಕಡೆ ಇದೆ. ಜತ್ತದ ಜನಕ್ಕೆ ಮಿರಜ ಹತ್ತಿರದ ಊರು. ಅಲ್ಲಿಯ ಸಿತಾರು, ತಂಬೂರಿ ಮಾಡುವ ಮನೆತನಗಳ ಮೂಲಪುರುಷ ಫರೀದಸಾಹೇಬರು ಶಿಕಲಗಾರರು, ಅಂದರೆ ಆಯುಧ ಮಸೆಯುವ, ಲೋಹದ ಕಸುಬಿನ ಸಮುದಾಯದವರು. ತಂಬೂರಿಯ ಬುರುಡೆ ಬರುವುದು ಪಂಢರಪುರದ ಕಡೆಯ ಭೀಮಾ ತೀರದಿಂದ. ಅದು ನಮ್ಮ ಸೊಲ್ಲಾಪುರ ಜಿಲ್ಲೆ. ಆ ತಂಬೂರಿಯ ಶ್ರುತಿಯಲ್ಲಿ ಮಿರಜದ ಅಬ್ದುಲ್ ಕರೀಂ ಖಾನರು ಹಾಡಿದರು, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಮುಂದೆ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. 1956ರ ಗಡಿ ಈ ವಾದ್ಯ ಮತ್ತು ಹಾಡುಗಾರಿಕೆಯ ನಡುವೆಯೇ ಹಾದುಹೋಗಿದೆ. ನಾವು ಹಾಡಿದವರ ಹೆಸರು ಹೇಳುತ್ತೇವೆ. ಬುರುಡೆ ಬೆಳೆದ ರೈತ ಯಾರು, ಜವಾರಿ ಕೂರಿಸಿದ ಕೈ ಯಾರದು, ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು, ಇದನ್ನು ಬರೆದಿಟ್ಟವರು ಕಡಿಮೆ. ಲ್ಯಾಪ್ ಸ್ಟೀಲ್ ಸಂಗ್ರಹಕಾರರಿಂದ ನಾವು ಕಲಿಯಬೇಕಾದದ್ದು ಈ ಶಿಸ್ತನ್ನು. ಅವರು ತಿರುಪಿನ ಆಕಾರ, ಅಯಸ್ಕಾಂತದ ಅಗಲ, ಒಳಗಿನ ಬರಹ ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ.

ನಾದ ಮತ್ತು ಮಾತು

ಆದರೆ ಆ ಶಿಸ್ತಿಗೆ ಸಿಗದ ಒಂದು ಸಂಗತಿ ಇದೆ. ಕೆಕುಕು ವಿದ್ಯಾರ್ಥಿಯಾಗಿದ್ದಾಗ ಹವಾಯಿ ಸ್ವತಂತ್ರ ರಾಜ್ಯ. 1893ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮ ಮಾಡಿತು. 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. ಅಂದರೆ ಸ್ಟೀಲ್ ಗಿಟಾರಿನ ನಾದ ಜಗತ್ತು ಗೆದ್ದ ವರ್ಷಗಳೇ ಹವಾಯಿ ಭಾಷೆ ಮಕ್ಕಳ ಬಾಯಿಂದ ಜಾರಿದ ವರ್ಷಗಳು. ಆ ನಾದದ ಮೇಲೆ ಇಂಗ್ಲಿಷ್ ಹಾಡುಗಳು ಬಂದವು. ಜಗತ್ತು ನಾದವನ್ನು ತಗೊಂಡಿತು, ಮಾತನ್ನು ಅಲ್ಲೇ ಬಿಟ್ಟಿತು. 1978ರಲ್ಲಿ ಹವಾಯಿ ಭಾಷೆಗೆ ಅಧಿಕೃತ ಸ್ಥಾನ, 1984ರಲ್ಲಿ ಪುನಾನಾ ಲಿಯೋ ಶಿಶುಶಾಲೆಗಳು. ಮತ್ತೆ ಎದ್ದು ನಿಲ್ಲಲು ಅಷ್ಟು ಕಾಲ ಬೇಕಾಯಿತು, ಅದೂ ಹಿರಿಯರ ಬಾಯಲ್ಲಿ ಒಂದಿಷ್ಟು ಉಳಿದಿದ್ದಕ್ಕೆ ಸಾಧ್ಯವಾಯಿತು.

ನಾನು ಈ ಗಿಟಾರನ್ನು ಇಲ್ಲಿ ತಂದದ್ದು ಇದಕ್ಕೇ ನೋಡ್ರಿ. ನಮ್ಮ ಯಕ್ಷಗಾನ, ನಮ್ಮ ಭಜನೆ, ನಮ್ಮ ತಿಂಡಿ ಗಡಿಯಾಚೆ ಮೆಚ್ಚುಗೆ ಪಡೆದಾಗ ನಾವು 'ಸಂಸ್ಕೃತಿ ಉಳೀತು' ಅಂತ ಖುಷಿ ಪಡ್ತೀವಿ. ಪಡಲಿ, ತಪ್ಪಿಲ್ಲ. ಆದರೆ ಮೆಚ್ಚುಗೆ ಅನ್ನೋದು ಉಳಿವಿನ ಲೆಕ್ಕ ಅಲ್ಲ. ಪಕ್ಕದ ಕನ್ನಡ ಶಾಲೆಯ ಒಂದನೇ ಇಯತ್ತೆಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು ಅನ್ನೋದು ಉಳಿವಿನ ಲೆಕ್ಕ.

ಮಾತು ಮುಗಿದ ಮೇಲೆ ಕಾಸರಗೋಡಿನ ಒಬ್ಬ ಅಧ್ಯಾಪಕಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. "ಹಾಗಾದ್ರೆ ವಾದ್ಯ ಕೂಡಿಡುವುದು ದಂಡವಾ ಸರ್?" ಅಂತ ಕೇಳಿದರು. ಖಂಡಿತಾ ಅಲ್ಲ ಮೇಡಂ. ನಮ್ಮೂರ ಭಜನಾ ಮೇಳದ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಗೆ ಯಾರೋ ಹಿರಿಯರು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಸರಿಗಮ ಬರೆದಿಟ್ಟಿದ್ದಾರೆ. ಪೆಟ್ಟಿಗೆ ಇರದಿದ್ದರೆ ಆ ಬರಹವೂ ಇರುತ್ತಿರಲಿಲ್ಲ. ನಾಳೆ ಅದನ್ನು ಓದುವವರು ಇರಬೇಕಲ್ಲ, ನನ್ನ ಚಿಂತೆ ಅಷ್ಟೇ. ನಿಮ್ಮ ಊರಲ್ಲೂ ಅಂಥ ಪೆಟ್ಟಿಗೆ ಇದ್ದರೆ ಮುಚ್ಚಳ ತೆಗೆದು ನೋಡಿ, ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ಮಗುವನ್ನು ಕೂರಿಸಿಕೊಂಡು ಓದಿಸಿ.