ಶಿಕ್ಕಾ ಒತ್ತಿದ ಕೈ, ಹೊಲಿದ ಬಾಯಿ

1977ರ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಗದ್ದುಗೆಯಿಂದ ಕೆಳಗಿಳಿಸಿತು. ರಾಯಬರೇಲಿಯಲ್ಲಿ ಅವರೇ ಸೋತರು. ಆದರೆ ಕರ್ನಾಟಕದ 28 ಲೋಕಸಭಾ ಸೀಟುಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಮೀಸಲು ಕ್ಷೇತ್ರವಾಗಿದ್ದ ನಮ್ಮ ಚಿಕ್ಕೋಡಿಯೂ ಅದರಲ್ಲಿ ಒಂದು. ‘ಆಕಳ-ಕರದ ಮ್ಯಾಲ ಶಿಕ್ಕಾ ಒತ್ತಿದ್ವಿ’ ಅಂತಾರೆ ಕೇರಿಯ ಹಿರಿಯರು. ತುರ್ತುಪರಿಸ್ಥಿತಿ ಅಂದ್ರೆ ಸರ್ವಾಧಿಕಾರ ಅಂತ ಕಾಲೇಜಿನಲ್ಲಿ ಓದಿ ಬಂದ ನಮಗೆ ಈ ಮಾತು ಮುಳ್ಳಿನ ಹಾಗೆ ಚುಚ್ಚುತ್ತದೆ.

ಅದೇನು ದಡ್ಡತನವಾಗಿರಲಿಲ್ಲ. ದೇವರಾಜ ಅರಸು 1974ರಲ್ಲಿ ಭೂಸುಧಾರಣೆ ತಂದರು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಿಂದ ಜೀತ ರದ್ದಾಯಿತು. ಹೊಲ ಸಿಕ್ಕಿದ್ದು ಗೇಣಿದಾರನಿಗೆ, ಕೂಲಿಯವನಿಗೆ ಸಿಕ್ಕದ್ದು ಬಹಳ ಕಮ್ಮಿ, ಇದನ್ನೂ ಮುಚ್ಚಿಡಬಾರದು. ಆದರೂ ಗೌಡನ ಮುಂದೆ ತಲೆ ಎತ್ತಿ ನಿಲ್ಲಲಿಕ್ಕೆ ಕಾಯ್ದೆಯದೊಂದು ಕಾಗದ ಬಂತಲ್ಲ! ಓಟು ಹಾಕಿದವರ ನಿಷ್ಠೆಯನ್ನು ನಾವು ಹಳಿಯುವುದಿಲ್ಲ. ನಾವು ಲೆಕ್ಕ ಕೇಳುವುದು ಓಟು ತಗೊಂಡವರ ನಿಷ್ಠೆಯನ್ನು.

ಈ ಲೆಕ್ಕ ಹಳೆಯದು. 1925ರಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಸೇರಿತ್ತು, ಬಾಬಾಸಾಹೇಬರು ಬಂದಿದ್ದರು. 1937ರಲ್ಲಿ ನಿಪ್ಪಾಣಿಯ ಬಳವಂತರಾವ್ ವರಾಳೆ ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಗೆದ್ದು ಮುಂಬಯಿ ಶಾಸನಸಭೆಗೆ ಹೋದರು. ಅಂದ್ರೆ ನಮ್ಮ ಗಡಿಸೀಮೆಯಿಂದ ನಮ್ಮದೇ ಪಕ್ಷದ ದನಿ ಒಮ್ಮೆ ಸದನ ಮುಟ್ಟಿತ್ತು. ಆದರೆ 1932ರ ಪುಣೆ ಒಪ್ಪಂದ ಮೀಸಲು ಸೀಟು ಕೊಟ್ಟು ಬೇರೆ ಮತದಾರ ಪಟ್ಟಿಯನ್ನು ಕಿತ್ತುಕೊಂಡಿತ್ತು. ಕಾಂಗ್ರೆಸ್ ಟಿಕೆಟ್ಟಿನ ಮೇಲೆ ಗೆದ್ದ ಅಸ್ಪೃಶ್ಯ ಸದಸ್ಯರು ಪಕ್ಷದ ಶಿಸ್ತಿಗೆ ಕಟ್ಟುಬಿದ್ದು ತುಟಿ ಬಿಚ್ಚಲಿಲ್ಲ ಎಂದು 1945ರ ಪುಸ್ತಕದಲ್ಲಿ ಬಾಬಾಸಾಹೇಬರು ದೂರಿದರು.

ಮೂವತ್ತು ವರ್ಷದ ಮೇಲೆ ಆ ದೂರು ದಿಲ್ಲಿಯಲ್ಲಿ ಮತ್ತೆ ನಿಜವಾಯಿತು. 1975ರ ಜುಲೈನಲ್ಲಿ ತುರ್ತುಪರಿಸ್ಥಿತಿಗೆ ಒಪ್ಪಿಗೆ ಕೇಳುವ ಗೊತ್ತುವಳಿಯನ್ನು ಲೋಕಸಭೆಯಲ್ಲಿ ಮಂಡಿಸಿದವರು ಯಾರು? ಜಗಜೀವನ ರಾಮ್. ನಮ್ಮವರ ಕೈಯಿಂದಲೇ ಕೊಡಲಿ ಏಟು! 1977ರ ಫೆಬ್ರವರಿಯಲ್ಲಿ, ಚುನಾವಣೆ ಘೋಷಣೆಯಾದ ಮೇಲೆ, ಅವರು ಪಕ್ಷ ಬಿಟ್ಟರು. ಅದೇ ಪಕ್ಷದ ರಾಮಧನ್ ಉತ್ತರ ಪ್ರದೇಶದ ಲಾಲ್‌ಗಂಜ್ ಮೀಸಲು ಕ್ಷೇತ್ರದವರು. ಅವರು ಮೊದಲೇ ಎದುರಾಡಿ ಜೈಲು ಸೇರಿದ್ದರು. ಚಿಕ್ಕೋಡಿಯ ಬಿ. ಶಂಕರಾನಂದ ಪಕ್ಷದಲ್ಲೇ ಉಳಿದರು. 1967ರಿಂದ 1991ರವರೆಗೆ ಏಳು ಸಲ ಗೆದ್ದರು, ಕೇಂದ್ರ ಮಂತ್ರಿಯೂ ಆದರು. ಮೀಸಲು ಸೀಟಿನವರು ಎದುರು ನಿಲ್ಲಲು ಆಗುವುದೇ ಇಲ್ಲ ಅನ್ನುವವರಿಗೆ ರಾಮಧನ್ ಉತ್ತರವಾಗಿದ್ದಾರೆ.

ಪಕ್ಷದ ತಲೆಯೆಣಿಕೆ ಸರಿ ಇರಲಿ, ಸಂವಿಧಾನ ಬೇಕಾದ್ರೆ ಕುಂಟಲಿ ಅನ್ನುವ ಬುದ್ಧಿ ನಮ್ಮ ದೇಶದ್ದಷ್ಟೇ ಅಲ್ಲ. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಸದಸ್ಯರು ದೇಶವಾರು ಕೂಡುವುದಿಲ್ಲ, ಪಕ್ಷಗಳ ಬಣವಾರು ಕೂಡುತ್ತಾರೆ. ಹಂಗೇರಿಯಲ್ಲಿ 2010ರಲ್ಲಿ ಅಧಿಕಾರ ಹಿಡಿದ ವಿಕ್ಟರ್ ಓರ್ಬಾನ್ ಹೊಸ ಸಂವಿಧಾನ ಬರೆಸಿ, ಕೋರ್ಟು, ಪತ್ರಿಕೆಗಳನ್ನು ಬಗ್ಗಿಸುತ್ತ ಹೋದರು. ಅವರ ಫಿದೆಸ್ ಪಕ್ಷ ಅಲ್ಲಿನ ಅತಿದೊಡ್ಡ ಬಣವಾದ ಯುರೋಪಿಯನ್ ಪೀಪಲ್ಸ್ ಪಾರ್ಟಿಯ ನೆರಳಲ್ಲಿತ್ತು. 2018ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟು ಹಂಗೇರಿಯ ವಿರುದ್ಧ ಮೂರನೇ ಎರಡು ಬಹುಮತದಿಂದ ಗೊತ್ತುವಳಿ ಪಾಸು ಮಾಡಿತು. ಬಣದ ಅನೇಕರೂ ಅದರ ಪರ ಓಟು ಹಾಕಿದರು. ಆದರೂ ಫಿದೆಸನ್ನು ಹೊರಗೆ ಹಾಕಲಿಲ್ಲ. 2019ರಲ್ಲಿ ಅಮಾನತು ಮಾಡಿದರು, ಸದಸ್ಯರು ಮಾತ್ರ ಅದೇ ಬಣದ ಬೆಂಚಿನಲ್ಲೇ ಕೂತರು. 2021ರ ಮಾರ್ಚಿನಲ್ಲಿ ನಿಯಮ ಬದಲಾದಾಗ ಫಿದೆಸ್ ತಾನಾಗಿಯೇ ಎದ್ದು ಹೋಯಿತು. ಅಲ್ಲಿಗೆ ಹನ್ನೊಂದು ವರ್ಷ! ದೂರದ ದಿಲ್ಲಿಯೋ ಬ್ರಸೆಲ್ಸೋ, ಮೇಲಿನವರಿಗೆ ಕೆಳಗಿನ ಸೀಟು ಬೇಕಿರುವ ತನಕ ಕೆಳಗಿನ ಕೂಗು ಕೇಳಿಸುವುದಿಲ್ಲ.

ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ನಿಷ್ಠೆಯನ್ನೇ ಕಾನೂನು ಮಾಡಿತು. ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಈಗ ರಾಮಧನ್ ಥರದವರು ಎದ್ದರೆ ಪೊಲೀಸರು ಬೇಕಿಲ್ಲ, ಸ್ಪೀಕರರೇ ಸಾಕು. ಇತ್ತ 2019ರ ಜುಲೈನಲ್ಲಿ ಅನರ್ಹರಾದ 17 ಶಾಸಕರಲ್ಲಿ ಅಥಣಿಯವರೂ ಕಾಗವಾಡದವರೂ ಇದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆ ಎತ್ತಿಹಿಡಿಯಿತು, ಮತ್ತೆ ಚುನಾವಣೆಗೆ ನಿಲ್ಲಲೂ ಬಿಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಇಬ್ಬರೂ ಕಾಂಗ್ರೆಸ್ಸಿನ ಬದಲು ಬಿಜೆಪಿಯ ಚಿಹ್ನೆಯ ಮೇಲೆ ಗೆದ್ದು, ಐದು ತಿಂಗಳೊಳಗೆ ಅದೇ ವಿಧಾನಸೌಧದ ಮೆಟ್ಟಿಲು ಹತ್ತಿದರು.