ವೈದ್ಯನ ತಪ್ಪೂ ರೋಗಿಯ ರಕ್ಷಣೆಯೂ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಊರುಗಳು ಒಂದಾದ ಮೇಲೊಂದರಂತೆ ಬರುತ್ತವೆ. ಬ್ಯಾಡಗಿಯ ಹೆಸರನ್ನು ಅಲ್ಲಿಯ ಕೆಂಪು ಮೆಣಸಿನಕಾಯಿಯ ಮೂಲಕ ಅರಿಯದವರು ವಿರಳ. ಆ ಕಾಯಿಯ ತೊಟ್ಟು ಬಿಡಿಸುವವರು, ಹೊಲದಲ್ಲಿ ಕಳೆ ಕೀಳುವವರು ಬಹುಮಟ್ಟಿಗೆ ಹೆಂಗಸರೇ. ದಿನದ ಕೂಲಿಯಿಂದ ದಿನದ ಒಲೆ ಉರಿಯಬೇಕಾದ ಇಂತಹ ಮನೆಗಳಲ್ಲಿ ಹೊಟ್ಟೆನೋವು ಬಂದರೆ, ದೊಡ್ಡ ವೈದ್ಯರನ್ನು ಅರಸಿಕೊಂಡು ದೂರ ಹೋಗುವ ಅನುಕೂಲವಿಲ್ಲ. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೇ ಗತಿ. ಅಲ್ಲಿ ವೈದ್ಯನ ಮಾತೇ ಕಡೆಯ ಮಾತು. ಆ ಮಾತು ತಪ್ಪಿದರೆ ರೋಗಿಗೆ ರಕ್ಷಣೆ ಯಾವುದು? ಈ ಪ್ರಶ್ನೆಗೆ ಚರಿತ್ರೆಯು ಏನು ಉತ್ತರ ಕೊಡುವುದೆಂಬುದನ್ನು ನಾವು ಸ್ವಲ್ಪ ವಿಚಾರಮಾಡೋಣ.

ಪ್ರಶ್ನೆಯೇನೂ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತು, ಪಂಡಿತ ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದ ಕಂಟಕಶೋಧನವೆಂಬ ಭಾಗದಲ್ಲಿ ವೈದ್ಯರ ವಿಷಯವೂ ಬಂದಿದೆ. ರೋಗವು ಪ್ರಾಣಾಪಾಯಕರವೆಂದು ಮುಂಚಿತವಾಗಿ ತಿಳಿಸದೆ ಚಿಕಿತ್ಸೆಗೆ ಕೈಯಿಟ್ಟು, ರೋಗಿ ಸತ್ತರೆ ವೈದ್ಯನಿಗೆ ಪೂರ್ವಸಾಹಸವೆಂಬ ದಂಡ. ಚಿಕಿತ್ಸೆಯಲ್ಲಿಯೇ ತಪ್ಪಿ ರೋಗಿಯನ್ನು ಸಾಯಿಸಿದರೆ ಅದಕ್ಕಿಂತ ಹಿರಿದಾದ ಮಧ್ಯಮ ಸಾಹಸದಂಡ. ಕೌಟಿಲ್ಯನು ಎರಡು ತಪ್ಪುಗಳನ್ನು ಬೇರೆ ಬೇರೆಯಾಗಿ ಎಣಿಸಿರುವುದನ್ನು ಗಮನಿಸಬೇಕು. ಕೈಯ ತಪ್ಪು ಒಂದು, ತಿಳಿಸದಿರುವ ತಪ್ಪು ಇನ್ನೊಂದು. ಇವೆರಡಕ್ಕೂ ನಮಗೆ ಸಮೀಪದ ಕಾಲದಲ್ಲಿ ಉದಾಹರಣೆಗಳಿವೆ.

ಮೊದಲು ಕೈಯ ತಪ್ಪನ್ನು ನೋಡೋಣ. 1898ರಲ್ಲಿ ಧಾರವಾಡ ಜಿಲ್ಲೆಯಲ್ಲಿ ಪ್ಲೇಗು ಉಗ್ರವಾಗಿ ಹಬ್ಬಿತು. ನಾವು ಹೇಳಿದ ಮೂರು ಊರುಗಳೂ ಆಗ ಬೊಂಬಾಯಿ ಆಧಿಪತ್ಯದ ಆ ಜಿಲ್ಲೆಗೇ ಸೇರಿದ್ದುವು. ಹಾಫ್ಕಿನ್ ಎಂಬ ವಿಜ್ಞಾನಿ ಬೊಂಬಾಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಕಿಸಿಕೊಂಡರು. ಅದರಿಂದ ಅನೇಕರ ಪ್ರಾಣ ಉಳಿಯಿತು. ಆದರೆ 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅದೇ ಹೆಸರಿನ ಲಸಿಕೆಯನ್ನು 107 ಜನರಿಗೆ ಚುಚ್ಚಲಾಗಿ, ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ದೋಷವೆಲ್ಲ ಹಾಫ್ಕಿನರ ತಲೆಗೆ ಬಂದಿತು. ಅವರು ತಮ್ಮ ಪ್ರಯೋಗಶಾಲೆಯನ್ನೇ ಬಿಡಬೇಕಾಯಿತು.

ಸತ್ಯವು ಹೊರಬಂದುದು ಹೇಗೆ? ಸತ್ತ ಹತ್ತೊಂಬತ್ತು ಜನರೂ ಒಂದೇ ಶೀಷೆಯಿಂದ ಲಸಿಕೆ ಪಡೆದವರು. ಆ ಶೀಷೆಗೆ ಸಂಖ್ಯೆಯಿತ್ತು. ಉಳಿದ ಶೀಷೆಗಳಿಂದ ಪಡೆದವರಿಗೆ ಕೇಡಾಗಲಿಲ್ಲ. ಶೀಷೆಯ ಮುಚ್ಚಳ ತೆಗೆಯುವ ಇಕ್ಕಳವು ನೆಲಕ್ಕೆ ಬಿದ್ದಿತ್ತೆಂಬುದೂ, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದರೆಂಬುದೂ ಸಾಕ್ಷ್ಯದಲ್ಲಿ ಬಂದಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಈ ಆಧಾರಗಳನ್ನು ಹಿಡಿದು ವಾದಿಸಿದ ಮೇಲೆ, 1907ರಲ್ಲಿ ಹಾಫ್ಕಿನರು ನಿರ್ದೋಷಿಯೆನಿಸಿದರು. ಶೀಷೆಗೆ ಸಂಖ್ಯೆಯಿಲ್ಲದಿದ್ದರೆ, ಯಾರಿಗೆ ಯಾವುದರಿಂದ ಚುಚ್ಚಿದರೆಂಬ ಲೆಕ್ಕವಿಲ್ಲದಿದ್ದರೆ, ನಿಜವಾದ ಕಾರಣ ಎಂದಿಗೂ ತಿಳಿಯುತ್ತಿರಲಿಲ್ಲ. ದಾಖಲೆಯು ರೋಗಿಯನ್ನು ಕಾಯುವಂತೆಯೇ ನಿರಪರಾಧಿಯಾದ ವೈದ್ಯನನ್ನೂ ಕಾಯುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯ ಶಸ್ತ್ರಚಿಕಿತ್ಸೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತರಾದಾಗ, ನರದೊಳಕ್ಕೆ ಹರಿಸಿದ ದ್ರವದ ಮೇಲೆ ಸಂಶಯ ಹುಟ್ಟಿ ವಿಚಾರಣೆ ನಡೆದುದನ್ನು ನೆನೆದರೆ, ಮುಲ್ಕೋವಾಲಿನ ಪಾಠ ಹಳತಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇನ್ನು ಎರಡನೆಯ ತಪ್ಪು. ಇದಕ್ಕಾಗಿ ನಾವು ರಾಣೇಬೆನ್ನೂರಿಗೇ ಹಿಂದಿರುಗಬೇಕು. ಅಲ್ಲಿಯ ತಾಲ್ಲೂಕು ಆಸ್ಪತ್ರೆಯಲ್ಲಿ 2017ಕ್ಕೆ ಹಿಂದಿನ ಕೆಲವು ವರ್ಷಗಳಲ್ಲಿ ಸುಮಾರು ಒಂದೂವರೆ ಸಾವಿರ ಹೆಂಗಸರಿಗೆ ಗರ್ಭಕೋಶವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಗಳವರು. ಹಲವರು ಇನ್ನೂ ಚಿಕ್ಕ ವಯಸ್ಸಿನವರು. ಹೊಟ್ಟೆನೋವೆಂದೋ ಬಿಳಿಸೆರಗೆಂದೋ ಹೋದ ತಮಗೆ, ತೆಗೆಸದಿದ್ದರೆ ಕ್ಯಾನ್ಸರು ಬರುವುದೆಂದು ಹೆದರಿಸಿದರೆಂಬುದು ಅವರ ದೂರು. 2023ರ ಜನವರಿಯಲ್ಲಿ ಈ ಹೆಂಗಸರು ಪರಿಹಾರ ಬೇಡುತ್ತ, ಆಗಿನ ಮುಖ್ಯಮಂತ್ರಿಗಳ ಕ್ಷೇತ್ರವಾದ ಶಿಗ್ಗಾಂವಿಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ಸಣ್ಣ ಪ್ರಾಯದಲ್ಲಿ ಗರ್ಭಕೋಶದೊಡನೆ ಅಂಡಾಶಯವನ್ನೂ ಕಳೆದುಕೊಂಡವಳಿಗೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಒಮ್ಮೆಲೇ ಬಂದೆರಗುತ್ತವೆ, ಎಲುಬು ಸವೆಯುತ್ತದೆ. ಬಗ್ಗಿ ಕೆಲಸಮಾಡಿ ಬದುಕುವವಳಿಗೆ ಇದು ಕೂಲಿಯ ನಷ್ಟವೂ ಹೌದು.

ಇಲ್ಲಿ ಕೈ ತಪ್ಪಿತೆಂಬುದಲ್ಲ ಮುಖ್ಯ ದೂರು. ಬೇರೆ ಔಷಧೋಪಚಾರವುಂಟೆ, ತೆಗೆದರೆ ಮುಂದೇನಾಗುವುದು ಎಂಬುದನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಯಾರು ಹೇಳಿದರು? ಹೆಬ್ಬೆಟ್ಟಿನ ಗುರುತು ಒಪ್ಪಿಗೆಯಾಗದು. ಇಷ್ಟೊಂದು ಶಸ್ತ್ರಚಿಕಿತ್ಸೆಗಳು ಒಂದೇ ತಾಲ್ಲೂಕಿನಲ್ಲಿ ನಡೆಯುತ್ತಿರುವಾಗ, ಲೆಕ್ಕವನ್ನು ನೋಡಿ ಏಕೆಂದು ಕೇಳಬೇಕಾದ ಮೇಲಧಿಕಾರವು ಮೊದಲ ನೂರರಲ್ಲಿಯೇ ಎಚ್ಚರಗೊಳ್ಳಬೇಕಾಗಿತ್ತು.

ನ್ಯಾಯಾಲಯಗಳು ಸುಮ್ಮನಿಲ್ಲವೆಂಬುದು ನಿಜ. ಪರೀಕ್ಷೆಗೆಂದು ಒಪ್ಪಿದ ಹೆಂಗಸಿಗೆ ಅರಿವಳಿಕೆ ಕೊಟ್ಟು, ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನು ತೆಗೆದ ಮೊಕದ್ದಮೆಯಲ್ಲಿ, ಅದು ಆಕೆಯ ಒಪ್ಪಿಗೆಯೆನಿಸದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು. ಅನಾವಶ್ಯಕ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಆಚರಣೆಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಆಜ್ಞೆಯಾಯಿತು. ಆದರೂ ಒಂದು ಕೊರತೆಯುಂಟು. 1995ರ ತೀರ್ಪಿನಿಂದ ವೈದ್ಯರು ಗ್ರಾಹಕ ಸಂರಕ್ಷಣಾ ಶಾಸನಕ್ಕೆ ಒಳಗಾದರೂ, ಎಲ್ಲರಿಗೂ ಧರ್ಮಾರ್ಥವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯು ಅದರ ಹೊರಗೇ ಉಳಿಯಿತು. ಹಣ ಕೊಟ್ಟವನಿಗೆ ತೆರೆದ ಬಾಗಿಲು ಹಣವಿಲ್ಲದವಳಿಗೆ ಅಷ್ಟು ಸುಲಭವಾಗಿ ತೆರೆಯದು.

ವೈದ್ಯರೆಲ್ಲರನ್ನೂ ಶಂಕಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಚಿಕಿತ್ಸೆ ಫಲಿಸದ ಕಡೆಯಲ್ಲೆಲ್ಲ ಅಪರಾಧವಿರುವುದಿಲ್ಲ. ಹಾಫ್ಕಿನರ ಕಥೆಯೇ ಸಾಕ್ಷಿ. ಆದರೆ ಒಳ್ಳೆಯ ವೈದ್ಯನ ಗುಣವೊಂದನ್ನೇ ನಂಬಿ ಆಸ್ಪತ್ರೆ ನಡೆಯಲಾಗದು. 2002ರ ವೈದ್ಯಕೀಯ ಮಂಡಲಿಯ ನಿಯಮದಂತೆ, ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಆತನ ದಾಖಲೆಗಳನ್ನು ಕೊಡತಕ್ಕದ್ದು. ಇದನ್ನು ಬಲ್ಲವರೆಷ್ಟು ಮಂದಿ? ಪಟ್ಟಣದ ವಿದ್ಯಾವಂತರು ನಮ್ಮ ಮನೆಗೆಲಸದವಳ ಜೊತೆಯಲ್ಲಿ, ಹಳ್ಳಿಯಿಂದ ಬಂದ ನಂಟರ ಜೊತೆಯಲ್ಲಿ ಆಸ್ಪತ್ರೆಗೆ ಹೋಗುವುದುಂಟು. ಆಗ ರೋಗದ ಹೆಸರೇನು, ಕತ್ತರಿಸದೆ ಗುಣವಾಗುವ ಉಪಾಯವಿದೆಯೆ, ಇನ್ನೊಬ್ಬ ವೈದ್ಯರನ್ನು ಕೇಳಬಹುದೆ ಎಂದು ವಿನಯದಿಂದ ಕೇಳಿ, ಬರುವಾಗ ಕಾಗದಗಳನ್ನು ಪಡೆದುಕೊಂಡು ಬರುವುದು ನಮ್ಮಿಂದಾಗದ ಕೆಲಸವಲ್ಲ. ತಾಂಡದ ಹೆಂಗಸಿನ ಪಕ್ಕದಲ್ಲಿ ನಿಂತು ಹೀಗೆ ಕೇಳುವವರು ಒಬ್ಬರಿದ್ದಿದ್ದರೆ, ಶಿಗ್ಗಾಂವಿಯ ದಾರಿಯಲ್ಲಿ ನಡೆದವರ ಸಂಖ್ಯೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು.