ಹಲಸೂರು ಸೀಮೆಯ ಬೇಸಾಯದ ಹಳೆಯ ದಾಖಲೆಗಳು

ಮರ್ಫಿ ಟೌನೆಂದು ಹೆಸರಾದ ನಮ್ಮ ಪೇಟೆಯಲ್ಲಿ ವಾಸಮಾಡುವ ಗೃಹಸ್ಥರಲ್ಲಿ ಅನೇಕರು, ಈ ನೆಲದ ಚರಿತ್ರೆಯು ದಂಡಿನೊಡನೆಯೇ ಹುಟ್ಟಿತೆಂದು ಭಾವಿಸಿರುವರು. ಅದು ಸಹಜವೇ ಸರಿ. ಪೇಟೆಗೆ ಇಟ್ಟ ಹೆಸರು ದಂಡಿನ ಇಂಜಿನಿಯರೊಬ್ಬನದು. ಹಲಸೂರಿನ ಬಯಲಿನಲ್ಲಿ ಸೈನ್ಯವು ನೆಲೆಗೊಂಡುದು 1809ರ ಸುಮಾರಿಗೆ. ಅದಕ್ಕೆ ಹಿಂದಿನ ಮನೆಯಾಗಲಿ ಬೀದಿಯಾಗಲಿ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಮನೆಗಳು ಬರುವ ಮುನ್ನ ಈ ಸುತ್ತಿನಲ್ಲಿ ಹೊಲಗಳಿದ್ದುವು, ಕೆರೆಯ ಕೆಳಗೆ ಗದ್ದೆಗಳಿದ್ದುವು. ಅವುಗಳನ್ನು ಉತ್ತವರು ಯಾರು, ಬೆಳೆದುದೇನು, ಬೆಳೆದುದರಲ್ಲಿ ಅವರ ಪಾಲಿಗೆ ಉಳಿದುದೆಷ್ಟು ಎಂಬುದನ್ನು ತಿಳಿಯಲು ನಮಗೆ ಯಾವ ದಾಖಲೆಗಳಿವೆ? ಈ ಪ್ರಶ್ನೆಯನ್ನೇ ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕುದಾಗಿದೆ.

ಮೊದಲನೆಯದು ಕಲ್ಲು. ಬಿ. ಎಲ್. ರೈಸ್ ಮಹಾಶಯನು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಕೂಡಿಸಿ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದನಷ್ಟೆ. ಆ ಗ್ರಂಥವನ್ನು ರಾಜರ ವಂಶಾವಳಿಗಾಗಿ ತೆರೆಯುವವರೇ ಹೆಚ್ಚು. ಕೆರೆಗಳಿಗಾಗಿ ತೆರೆದು ನೋಡಿದರೆ ಬೇರೊಂದು ಚರಿತ್ರೆ ಕಾಣುವುದು. ನಮ್ಮ ದಕ್ಷಿಣಕ್ಕಿರುವ ಅಗರದ ಶಾಸನವು ಗಂಗರ ಕಾಲದ್ದು, ಒಂಬತ್ತನೆಯ ಶತಮಾನಕ್ಕೆ ಸೇರಿದುದು. ಒಬ್ಬ ಗೃಹಸ್ಥನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂಡಣ ದಿಕ್ಕಿನಲ್ಲಿ ಮತ್ತೊಂದು ಕೆರೆಯನ್ನು ಕಟ್ಟಿಸಿ, ಆ ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಅದು ಹೇಳುವುದು. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡುವವನಿಗೂ ಅದರ ಕೆಳಗಿನ ಭೂಮಿಯಲ್ಲಿ ಬಿಡುತ್ತಿದ್ದ ಉಂಬಳಿಯೇ ಬಿತ್ತುವಟ್ಟ. ಪೂರ್ವದ ವಿಭೂತಿಪುರದಲ್ಲಿರುವುದು ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1307ರ ಶಾಸನ. ಕಾಡನ್ನು ಕಡಿದು, ನೆಲವನ್ನು ಸಮಮಾಡಿ, ಊರನ್ನು ಕಟ್ಟಿ, ಕೆರೆಯನ್ನು ತೋಡಿದ ವೃತ್ತಾಂತವು ಅದರಲ್ಲಿದೆ. ನಮ್ಮಿಂದ ಒಂದು ಹರಿದಾರಿಯೊಳಗೇ ಇರುವ ದೊಮ್ಮಲೂರಿನ ಚೊಕ್ಕನಾಥನ ಗುಡಿಯಲ್ಲಿಯೂ ಶಾಸನಗಳಿವೆ. ವಿಭೂತಿಪುರದ ಬರಹವು ತಮಿಳಿನಲ್ಲಿದೆ, ದೊಮ್ಮಲೂರಿನಲ್ಲಿಯೂ ತಮಿಳಿನದೇ ಹೆಚ್ಚು. ಇದರಿಂದ ಕನ್ನಡಿಗರು ಬೇಸರಪಡಬೇಕಾದುದಿಲ್ಲ. ಕೆರೆಯ ನೀರು ಭಾಷೆಯನ್ನು ಕೇಳಿ ಹರಿದುದಲ್ಲ.

ಶಾಸನಗಳ ಗದ್ದೆಯ ಲೆಕ್ಕವನ್ನು ಗಮನಿಸಿರಿ. ಅಲ್ಲಿ ಭೂಮಿಯನ್ನು ಎಕರೆಯಿಂದ ಅಳೆಯುವ ಮಾತಿಲ್ಲ. ಇಷ್ಟು ಖಂಡುಗ, ಇಷ್ಟು ಕೊಳಗ ಎಂದಿರುವುದು. ಇಪ್ಪತ್ತು ಕೊಳಗವೆಂದರೆ ಒಂದು ಖಂಡುಗ. ಅಷ್ಟು ಬೀಜವನ್ನು ಬಿತ್ತಬಹುದಾದ ನೆಲವೇ ಖಂಡುಗದ ಭೂಮಿ. ಗದ್ದೆಯ ಖಂಡುಗ ಬೇರೆ, ಹೊಲದ ಖಂಡುಗ ಬೇರೆ. ಮೈಸೂರು ಸೀಮೆಯಲ್ಲಿ 1863ರಲ್ಲಿ ಆರಂಭವಾದ ಸರ್ವೆಯು ಎಕರೆ ಗುಂಟೆಗಳನ್ನು ತಂದು, ಪ್ರತಿಯೊಂದು ಹೊಲಕ್ಕೂ ಒಂದು ನಂಬರನ್ನು ಕೊಟ್ಟಿತು. ನಂಬರಿನಿಂದ ವ್ಯಾಜ್ಯಗಳು ಸುಲಭವಾದುವು, ನಿಜ. ಹೊಲದ ಹೆಸರು ಮಾತ್ರ ಮೂಲೆಗೆ ಬಿದ್ದಿತು.

ಕಲ್ಲು ಹೇಳುವುದು ದಾನವನ್ನು. ದಾನವಲ್ಲದ ದಿನಗಳ ಸಂಗತಿ ಅದಕ್ಕೆ ಬೇಕಿಲ್ಲ. ಸಾಮಾನ್ಯ ವರ್ಷವೊಂದರಲ್ಲಿ ಕಣದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ತಿಳಿಯಬೇಕಾದರೆ ನಾವು ಒಬ್ಬ ಪರದೇಶೀಯನ ಬಾಗಿಲಿಗೆ ಹೋಗಬೇಕು. ಟಿಪ್ಪುವು ಮಡಿದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ನನೆಂಬ ವೈದ್ಯನು ಮದರಾಸಿನಿಂದ ಹೊರಟು, ಬೇತಮಂಗಲದ ಮಾರ್ಗವಾಗಿ, ಮೇ ತಿಂಗಳಿನಲ್ಲಿ ಬೆಂಗಳೂರನ್ನು ಮುಟ್ಟಿದನು. ಅವನ ಪ್ರವಾಸ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ರಾಗಿಯೇ ಈ ಸೀಮೆಯ ಮುಖ್ಯ ಬೆಳೆಯೆಂದು ಅವನು ಬರೆದನು. ಕೂರಿಗೆಯಿಂದ ಸಾಲುಸಾಲಾಗಿ ಬಿತ್ತುವುದನ್ನೂ, ರಾಗಿಯ ನಡುವೆ ಅವರೆ ತೊಗರಿಗಳ ಅಕ್ಕಡಿಯಿಡುವುದನ್ನೂ, ಧಾನ್ಯವನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕೆಡದಂತೆ ಇಡುವುದನ್ನೂ ವಿಚಾರಿಸಿ ತಿಳಿದನು. ನಮ್ಮ ನೇಗಿಲನ್ನೂ ದನಗಳನ್ನೂ ಅವನು ಹಳಿದಿರುವನು; ದುಭಾಷಿಯ ಮೂಲಕ ಕೇಳಿ, ಅವಸರದಲ್ಲಿ ಬರೆದುಕೊಂಡಿರುವನು. ಹೊಸ ಸರ್ಕಾರದ ಕಡೆಯವನು ಬೆಳೆಯನ್ನು ಕುರಿತು ಕೇಳಿದರೆ ಯಾವ ರೈತನು ತಾನೇ ಉಳ್ಳುದನ್ನು ಉಳ್ಳಂತೆ ಹೇಳಿಯಾನು? ಆದಕಾರಣ ಅವನ ಅಂಕಿಗಳನ್ನು ಸ್ವಲ್ಪ ಸಂದೇಹದಿಂದಲೇ ಓದಬೇಕು.

ಹೀಗಿದ್ದರೂ ಕಣದ ರಾಶಿಯ ಹಂಚಿಕೆಯನ್ನು ಕುರಿತು ಅವನು ಬರೆದ ಪುಟಕ್ಕೆ ಸಮಾನವಾದುದು ನಮ್ಮಲ್ಲಿ ದುರ್ಲಭ. ಹೊಲಕ್ಕೆ ಕಂದಾಯವು ಹಣದಲ್ಲಿ. ನೀರಾವರಿಯ ಗದ್ದೆಗಾದರೋ ಬೆಳೆಯಲ್ಲಿಯೇ ಪಾಲು. ಇಪ್ಪತ್ತು ಖಂಡುಗದ ಒಂದು ರಾಶಿಯೆಂದಿಟ್ಟುಕೊಳ್ಳಿರಿ. ಅದರಿಂದ ಮೊದಲು ದೇವರ ಹೆಸರಿನಲ್ಲಿ ಅರ್ಚಕರಿಗೆ 5 ಸೇರು. ಬಳಿಕ ದಾನಧರ್ಮಕ್ಕೆ, ಜೋಯಿಸನಿಗೆ. ನಾಯಿಂದನಿಗೆ 2 ಸೇರು, ಕುಂಬಾರನಿಗೆ 2 ಸೇರು. ಕಮ್ಮಾರ, ಅಗಸ, ಅಳೆಯುವವನು, ಹೀಗೆ ಒಬ್ಬೊಬ್ಬರಿಗೂ ಅವರವರ ಸಲ್ಲಿಕೆ. ಗೌಡನಿಗೆ 8 ಸೇರು. ಊರ ದೇವತೆಯ ಬಲಿಯ ವೆಚ್ಚವನ್ನು ಅವನು ಇದರಿಂದಲೇ ನಡೆಸತಕ್ಕುದು. ಶಾನಭೋಗನಿಗೆ 10 ಸೇರು! ಲೇಖಣಿಗೆ ಬಲಿಯ ವೆಚ್ಚವಿಲ್ಲ, ಸೇರು ಮಾತ್ರ ಎರಡು ಹೆಚ್ಚು. ಶಾನಭೋಗರ ಮೊಮ್ಮಗನಾದ ನಾನು ಇದನ್ನು ಸಂಕೋಚದಿಂದಲೇ ಬರೆಯುತ್ತಿರುವೆನು. ಇವೆಲ್ಲ ಕಳೆದ ಮೇಲೆ ಸರ್ಕಾರಕ್ಕೂ ರೈತನಿಗೂ ಪಾಲು. ರಾಶಿಯ ಅಡಿಯಲ್ಲಿ, ಸಗಣಿಯೊಡನೆ ಬೆರೆತು ಉಳಿದ ಕಾಳು ನೀರಗಂಟಿಗೆ. ತೂಬನ್ನು ತೆಗೆದು ಮುಚ್ಚಿ, ಸರದಿಯಂತೆ ಗದ್ದೆಗದ್ದೆಗೆ ನೀರನ್ನು ಬಿಟ್ಟವನು ಅವನು. ಅಗರದ ಶಾಸನದಲ್ಲಿ ತೂಬನ್ನಿಡಿಸಿದವನಿಗೆ ಬಿತ್ತುವಟ್ಟ ದೊರೆಯಿತು; ತೂಬನ್ನು ಕಾದವನಿಗೆ ದೊರೆತುದೇನೆಂಬುದು ಬುಕಾನನ್ನನ ಪುಟದಲ್ಲಿದೆ.

ಈ ಹಂಚಿಕೆಯು ಪರದೇಶೀಯನೊಬ್ಬನ ಕಿವಿಗೆ ಬೀಳುವ ಮುನ್ನ ನಮ್ಮವರು ಬರೆದಿಡಲಿಲ್ಲವೆ? ಬರೆದರು, ವರ್ಷವರ್ಷವೂ ಬರೆದರು. ಆದರೆ ಬರೆದುದು ಕಡತದಲ್ಲಿ. ಈಗ ಕಚೇರಿಗಳಲ್ಲಿ ಕಾಗದದ ಕಟ್ಟಿಗೆ ಕಡತವೆನ್ನುವರು. ನಿಜವಾದ ಕಡತವನ್ನು ಕಂಡವರು ವಿರಳ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಅದನ್ನು ವರ್ಣಿಸಿದ್ದಾನೆ. ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲದ ಉದ್ದನೆಯ ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಳಿದು ಒಣಗಿಸುವರು. ಬಟ್ಟೆಯನ್ನು ಕತ್ತರಿಸದೆ ಹಿಂದುಮುಂದಾಗಿ ಮಡಿಸುವರು. ಎರಡು ಕೊನೆಗಳಿಗೂ ಹಲಗೆ ಹಚ್ಚುವರು. ಕಪ್ಪು ಮೈಯ ಮೇಲೆ ಬಳಪದಿಂದ ಬಿಳಿಯ ಅಕ್ಷರ. ಬೇಡವಾದುದನ್ನು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು, ಹೊಸ ಬರಹಕ್ಕೆ ಎಡೆ. ಮಿತವ್ಯಯದ ಉಪಾಯವೇ ಸರಿ. ಬಾಕಿ ತೀರಿದ ಲೆಕ್ಕವನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ಹೀಗೆ ನಿತ್ಯದ ಬೇಸಾಯವನ್ನೆಲ್ಲ ಹೊತ್ತ ಬರಹವು, ಅಳಿಸುವುದಕ್ಕೆಂದೇ ಮಾಡಿದ ಬಟ್ಟೆಯ ಮೇಲಿದ್ದಿತು.

ಅನಂತರದ ಸರ್ಕಾರಿ ದಾಖಲೆಗಳು ಹೇರಳವಾಗಿವೆ. ಆದರೆ ಅವುಗಳ ದೃಷ್ಟಿ ಬೇರೆ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ 42 ಲಕ್ಷಕ್ಕೂ ಕಡಮೆ. ನಡುವೆ 1876ರಿಂದ 1878ರ ವರೆಗಿನ ಕ್ಷಾಮ. ಯಾವ ಊರಿನ ಯಾವ ಹಗೇವು ಯಾವ ತಿಂಗಳಿನಲ್ಲಿ ಬರಿದಾಯಿತೆಂಬುದನ್ನು ಆ ಎರಡು ಅಂಕಿಗಳಿಂದ ಹೇಗೆ ತಿಳಿಯುವುದು?

ನನ್ನ ಮಾತಾಮಹರು ಹೊಸಕೋಟೆಯ ಕಡೆಯ ಒಂದು ಹಳ್ಳಿಯ ಶಾನಭೋಗರು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡಿದ 1961ರ ಕಾಯಿದೆಯು ಜಾರಿಗೆ ಬಂದಮೇಲೆ ಅವರ ಕಾಗದಗಳನ್ನು ಸರ್ಕಾರವು ವಹಿಸಿಕೊಂಡಿತು; ಕಡತವೊಂದು ಮಾತ್ರ ಯಾರಿಗೂ ಬೇಡವಾಗಿ ಅಟ್ಟದಲ್ಲಿ ಉಳಿಯಿತು. ಪಾಠಶಾಲೆಗೆ ಸೇರಿದ ವರ್ಷ ಬೇಸಗೆಯ ರಜೆಯಲ್ಲಿ ನಾನು ಅದನ್ನು ಕೆಳಗಿಳಿಸಿ, ಒದ್ದೆ ಪಂಚೆಯಿಂದ ಚೆನ್ನಾಗಿ ಒರೆಸಿ, ರಾಮ ಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ದಪ್ಪಕ್ಷರಗಳಿಂದ ಬರೆದು ತಾತನವರಿಗೆ ತೋರಿಸಿದೆನು. ಅವರು ಮೊದಲಿಂದ ಕೊನೆಯವರೆಗೂ ಓದಿ, ಷಷ್ಠಿಯ ಬಹುವಚನದಲ್ಲಿ ಒಂದು ತಪ್ಪನ್ನು ತಿದ್ದಿದರು. ಬಳಿಕ, "ಮಗು, ಇದರಲ್ಲಿ ನಮ್ಮಪ್ಪನವರು ಊರ ಹೊಲಗಳ ಹೆಸರು ಬರೆದಿದ್ದರಪ್ಪ" ಎಂದರು. ಗದರಲಿಲ್ಲ. ಆ ಸಂಜೆ ಜಗಲಿಯ ಮೇಲೆ ಕುಳಿತು, ನೆನಪಾದಂತೆ ಹೇಳುತ್ತ ಹೋದರು. ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆನು. ಹುಣಿಸೆಮರದ ಹೊಲ, ಕೋಡಿಗದ್ದೆ, ಜೋಗಿಯ ಕಟ್ಟೆ, ಹಾಳುಬಾವಿಯ ಹೊಲ. ಹೀಗೆ ಹನ್ನೊಂದು ಹೆಸರುಗಳು. ಹನ್ನೆರಡನೆಯದಕ್ಕೆ ಅವರು ಬಹಳ ಹೊತ್ತು ಯೋಚಿಸಿದರು. ಕೆರೆಯ ಏರಿಯ ಮಗ್ಗುಲಿನದು, ಎರಡು ಕೊಳಗದ್ದು, ನೀರಗಂಟಿಗೆ ಬಿಟ್ಟ ನೆಲ ಎಂಬಷ್ಟು ನೆನಪಿಗೆ ಬಂದಿತು, ಹೆಸರು ಬರಲಿಲ್ಲ.